ಕೋವಿಗೆ ಎರಡು ದನಿ

ನಮ್ಮ ಮನೆಯ ಕೋವಿಯಿಂದ ಇದುವರೆಗೆ ಒಂದು ಪ್ರಾಣಿಯೂ ಸತ್ತಿಲ್ಲ. ನಗೆಪಾಟಲಾದವಳು ನಾನು ಮಾತ್ರ, ಅದೂ ಪದೇ ಪದೇ. ಯಾವತ್ತು ತುಂಬಿದ್ದು, ಗುಂಡು ಎಲ್ಲಿಗೆ ಬಿತ್ತು ಎಂದು ಮದುವೆಯಾದ ವರ್ಷದಿಂದ ಬರೆದಿಟ್ಟಿದ್ದೇನೆ. ಸಾಗರದಲ್ಲಿ ಬಿಎಸ್ಸಿ ಮಾಡಿದವಳು; ಬರೆಯದೆ ಇದ್ದದ್ದು ನಡೆದದ್ದೇ ಅಲ್ಲ ಅನ್ನುವವಳು. ಈ ಸಲ ಲೈಸೆನ್ಸ್ ನವೀಕರಣದಲ್ಲಿ ಕೋವಿ ಕೈತಪ್ಪುವುದರಲ್ಲಿತ್ತು. ಆಗ ಹಳೆಯ ಪುಸ್ತಕ ತಿರುವಿದೆ.

೧. ಮಂಗಗಳ ಸಹಿ

ನಮ್ಮದು ಯಜಮಾನರ ಅಜ್ಜನ ಕಾಲದ ಕೇಪಿನ ಕೋವಿ. ನಳಿಗೆಯ ಬಾಯಿಂದ ಮಸಿ, ಅಂದರೆ ಮದ್ದಿನ ಪುಡಿ, ಸುರಿದು, ನಾರು ತುರುಕಿ, ಗಜದ ಕೋಲಿನಿಂದ ಒತ್ತಬೇಕು. ಮರೆತು ಎರಡು ಸಲ ಸುರಿದರೆ ನಳಿಗೆಯೇ ಸೀಳೀತು. ಅದಕ್ಕೆ ಯಜಮಾನರ ಕಟ್ಟಳೆ: ತುಂಬುವವಳು ನಾನು, ಒಂದೊಂದನ್ನೂ ಹಾಕಿದೆಯಾ ಎಂದು ಗಟ್ಟಿಯಾಗಿ ಕೇಳುವವರು ಅವರು. ನಡುವೆ ಯಾರಾದರೂ ಮಾತಾಡಿಸಿದರೆ ಚೆಲ್ಲಿ ಮೊದಲಿಂದ ಶುರು.

ಒಂದು ದಿನ ಬಾಳೆಗೆ ಮಂಗ ಬಂದವು. ಬೆದರಿಸಲು ಬರೀ ಸದ್ದು ಸಾಕಿತ್ತು.

"ಮಸಿ?"

"ಹಾಕಿದೆ."

ಅಷ್ಟರಲ್ಲಿ ಪಕ್ಕದ ಮನೆಯವರು, "ಎಂತ ಮಾಡ್ತಿದ್ರಿ?" ಅಂದರು. ಚೆಲ್ಲಿದೆ. ಮತ್ತೆ ಹಾಕಿದೆ. "ಮಂಗನಾ?" ಅಂದರು. ಮತ್ತೆ ಚೆಲ್ಲಿದೆ. ಮೂರನೆಯ ಸಲ ಕೋವಿ ಸಿದ್ಧವಾಗುವಾಗ ಮಂಗಗಳು ಗೊನೆ ಮುಗಿಸಿ ಬೇಲಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದವು.

ಯಜಮಾನರು ಅಂದರು, "ನಿನ್ನ ಪುಸ್ತಕಕ್ಕೆ ಅವುಗಳ ಸಹಿನೂ ಹಾಕಿಸ್ಕೋ ಮಾರಾಯ್ತಿ."

೨. ಗಾಳಿ

ವರ್ಷಕ್ಕೊಮ್ಮೆ ಮನೆ ಹಿಂದಿನ ಮಣ್ಣಿನ ದರೆಗೆ ಅಡಿಕೆ ಹಾಳೆ ಒರಗಿಸಿ, ಇದ್ದಿಲಿನಲ್ಲಿ ವೃತ್ತ ಬರೆದು, ಇಬ್ಬರೂ ಒಂದೊಂದು ಗುಂಡು ಹೊಡೆಯುತ್ತಿದ್ದೆವು. ಒಂದು ವರ್ಷ ನನ್ನದು ವೃತ್ತದೊಳಗೆ, ಅವರದು ಮಣ್ಣಿಗೆ.

"ಗಾಳಿ ಇತ್ತು" ಅಂದರು.

ನಾನು ಬರೆದೆ: "ಗಾಳಿ ಇರಲಿಲ್ಲ." ಮರುದಿನ ನೋಡಿದರೆ ಅದರ ಕೆಳಗೆ ಅವರ ಅಕ್ಷರ: "ಇತ್ತು."

ಅವರು ತೀರಿಹೋದ ಮೇಲೆ ನಾನೊಬ್ಬಳೇ ಹೊಡೆದು, ನಾನೇ ನಡೆದು ಹೋಗಿ ಹಾಳೆ ನೋಡಿ ಬರುತ್ತೇನೆ. ಕಳೆದ ವರ್ಷ ನನ್ನದೂ ಮಣ್ಣಿಗೆ ಬಿತ್ತು. ಎಲೆ ಕೂಡ ಅಲುಗುತ್ತಿರಲಿಲ್ಲ. "ಗಾಳಿ ಇತ್ತು" ಎಂದು ಬರೆದೆ.

೩. ಮನೆಯಲ್ಲಿ ಯಾರೋ

ಕಟ್ಟಳೆ ಕಟ್ಟಳೆಯೇ. ಕೇಳುವವರಿಲ್ಲ ಎಂದು ಬಿಡಲಾದೀತೇ? ಯಜಮಾನರ ದಪ್ಪ ದನಿಯಲ್ಲಿ "ಮಸಿ?" ಎಂದು ಕೇಳಿ, ನನ್ನ ದನಿಯಲ್ಲಿ "ಹಾಕಿದೆ" ಅನ್ನುತ್ತೇನೆ.

ಅಂಚೆಯವನು ಇದನ್ನು ಅಂಗಳದಲ್ಲಿ ನಿಂತು ಕೇಳಿಸಿಕೊಂಡ. ಸುದ್ದಿ ರಿಪ್ಪನ್‌ಪೇಟೆ ದಾಟಿ ತೀರ್ಥಹಳ್ಳಿಯ ನನ್ನ ಅಕ್ಕನನ್ನು ಮುಟ್ಟಿತು. ಫೋನು ಬಂತು.

"ಯಾರೇ ಅದು, ಮನೇಲಿ?"

"ನಾನೇ."

"ಮತ್ತೆ ಗಂಡಸಿನ ದನಿ?"

"ಅದೂ ನಾನೇ ಅಕ್ಕ."

"ಥೂ, ಯಾರಾದ್ರೂ ಇದ್ದಿದ್ರೇ ವಾಸಿ ಇತ್ತು ಕಣೆ."

೪. ಸಾಸಿವೆ ಪರೀಕ್ಷೆ

ನವೀಕರಣಕ್ಕೆ ಕೋವಿ ಹಿಡಿದು ಹೊಸನಗರಕ್ಕೆ ಹೋದಾಗ ಅಲ್ಲಿನ ಅಧಿಕಾರಿ ಅರ್ಜಿ ಪಕ್ಕಕ್ಕಿಟ್ಟರು. "ಒಬ್ಬರೇ ಇರೋರು. ಎಡವಟ್ಟಾದ್ರೆ ನೋಡೋರ್ಯಾರು? ಕೋವಿ ಒಪ್ಪಿಸಿಬಿಡಿ ಅಮ್ಮ."

ಕೋವಿ ಹೋದರೆ ಆ ದಪ್ಪ ದನಿಗೆ ಮನೆಯಲ್ಲಿ ಕೆಲಸವೇ ಇರುವುದಿಲ್ಲ. ಅದನ್ನು ಅಧಿಕಾರಿಗೆ ಹೇಗೆ ಹೇಳಲಿ? "ತುಂಬಿ ತೋರಿಸ್ತೀನಿ" ಅಂದೆ. ತುಂಬಿ ತೋರಿಸಬೇಕಾದೀತು, ಕಚೇರಿಗೆ ಮಸಿ ತರುವಂತಿಲ್ಲ ಎಂದು ಸಾಸಿವೆ ಕಟ್ಟಿಕೊಂಡು ಹೋಗಿದ್ದೆ.

"ಮಸಿ?" ಅಂದೆ, ದಪ್ಪ ದನಿಯಲ್ಲಿ. ಅಧಿಕಾರಿ ನನ್ನ ಹಿಂದೆ ಯಾರಿದ್ದಾರೆಂದು ಇಣುಕಿದರು.

"ಹಾಕಿದೆ" ಅಂದೆ. ಅಷ್ಟರಲ್ಲಿ, "ಯಾರ ಜೊತೆ ಮಾತಾಡ್ತಿದೀರಿ?" ಅಂದರು. ಕಟ್ಟಳೆ! ನಳಿಗೆ ಬಗ್ಗಿಸಿದೆ. ಸಾಸಿವೆ ಫೈಲಿನ ಮೇಲೆ.

ಎರಡನೆಯ ಸಲ ಅವರ ಫೋನು ಬಡಿದುಕೊಂಡಿತು. ಮತ್ತೆ ಸಾಸಿವೆ, ಈ ಸಲ ಅವರ ಟೀ ಲೋಟದೊಳಗೂ.

"ಎಷ್ಟು ಸಲ ಚೆಲ್ತೀರಿ ಅಮ್ಮ?"

"ನೀವು ಮಾತಾಡಿದಷ್ಟು ಸಲ."

ಅವರು ಫೋನು ಆಫ್ ಮಾಡಿದರು, ಬಾಗಿಲು ಹಾಕಿಸಿದರು, ಬಾಯಿ ಮೇಲೆ ಬೆರಳಿಟ್ಟು ಕೂತರು. ಎರಡೂ ದನಿಯಲ್ಲಿ ಕೊನೆಯವರೆಗೆ ತುಂಬಿ ಮುಗಿಸಿದೆ. ಅವರು ಅರ್ಜಿ ಹತ್ತಿರಕ್ಕೆಳೆದು, "ಮನೆಯಲ್ಲಿರುವವರು" ಎಂಬ ಸಾಲಿನಲ್ಲಿ ಏನೋ ಬರೆದು, ಸಹಿ ಮಾಡಿ ಕೊಟ್ಟರು.

ಓದಿದೆ. "ಇಬ್ಬರು."

ರೇಷನ್ ಕಾರ್ಡಿನಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ ತಾಲೂಕು ಕಚೇರಿಗೆ ಮೂರು ಸಲ ಅಲೆದವಳು ನಾನು. ಇದನ್ನು ಮಾತ್ರ ತಿದ್ದಿಸಲಿಲ್ಲ.