ಲೇಖನ ಒಂದು, ನಡುಕ ನೂರು

ಹೆದರಿದವರ ಮೇಲೆ ಹಾವು ಎಸೆದರು ಅನ್ನುತ್ತಾರಲ್ಲ, ನನ್ನ ಮೇಲೆ ಯಾರೋ ದಿನಾ ಒಂದೊಂದು ಎಸೆಯುತ್ತಲೇ ಇರುತ್ತಾರೆ. ನಾನು ಕೊಪ್ಪಳದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಾರ್ವಜನಿಕ ಆರೋಗ್ಯ ಕಲಿಸುವವಳು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆ ನೀರು ಕುಡಿದ ಮಕ್ಕಳ ಹಲ್ಲು ಕಂದಾಗುತ್ತವೆ, ದೊಡ್ಡವರ ಮೊಣಕಾಲು ಸೊಟ್ಟಗಾಗುತ್ತವೆ. ಅದನ್ನು ಊರೂರು ತಿರುಗಿ ನೋಡಿ ಒಂದು ಲೇಖನ ಬರೆದೆ. ತಿರುಗುವಾಗ ನಾಯಿ ಅಟ್ಟಿಸಿಕೊಂಡು ಬಂದರೂ ಅಷ್ಟು ಹೆದರಿರಲಿಲ್ಲ. ಲೇಖನವನ್ನು ಪತ್ರಿಕೆಗೆ ಕಳಿಸಿದ ಮೇಲೆ ನಿಜವಾದ ನಡುಕ ಶುರುವಾಯಿತು.

ಇಂಗ್ಲಿಷ್ ತಾಯಿಯ ಮಕ್ಕಳು

ಸಂಶೋಧನಾ ಪತ್ರಿಕೆಗಳು ಲೇಖನ ಬಂದ ಕೂಡಲೇ ಅಚ್ಚು ಮಾಡುವುದಿಲ್ಲ. ಹೆಸರು ಹೇಳದ ಪರೀಕ್ಷಕರಿಗೆ ಕಳಿಸುತ್ತವೆ. ಮುಖ ಕಾಣದವರ ಕೈಯಲ್ಲಿ ನನ್ನ ಬರಹ ಇದೆ ಎಂದು ನೆನೆದು, ರಾತ್ರಿ ಎದ್ದು ಕಳಿಸಿದ ಪ್ರತಿಯನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಕೊನೆಗೆ ಪತ್ರಿಕೆಯಿಂದ ಮೇಲ್ ಬಂತು. ತೆರೆಯಲು ಕೈ ಬರಲಿಲ್ಲ. ನಮ್ಮ ಮನೆಯವರು ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಕೆಲಸ ಮಾಡುವವರು. ಅವರು ಹೇಳಿದರು: "ಡ್ಯಾಂ ತುಂಬಿದ ಮ್ಯಾಲ ಗೇಟ್ ಎತ್ತಾಕ ಬೇಕು. ಎಷ್ಟ ದಿವಸ ಹಿಡಕೊಂಡು ಕುಂದರತಿ? ತೆಗಿ."

ತೆಗೆದೆ. ಲೇಖನ ಚೆನ್ನಾಗಿದೆ, ಆದರೆ ಇಂಗ್ಲಿಷ್ ತಾಯ್ನುಡಿಯಾಗಿರುವ ಯಾರಿಂದಾದರೂ ಭಾಷೆ ತಿದ್ದಿಸಿ ಕಳಿಸಬೇಕು ಎಂದಿತ್ತು.

ನಮ್ಮ ಅತ್ತೆ ಕೇಳಿದರು: "ಅಂದ್ರ ಅವರ ಅವ್ವ ಇಂಗ್ಲಿಷ್ ಮಾತಾಡಬೇಕು. ಅಂಥಾ ಅವ್ವ ನಮ್ಮ ಕೊಪ್ಪಳದಾಗ ಯಾರದಾಳ?"

ಆಗ ಮನೆಯವರಿಗೆ ಗಂಗಾವತಿ ತಾಲ್ಲೂಕಿನ ಸಾಣಾಪುರ ನೆನಪಾಯಿತು. ಅಲ್ಲಿ ಕೆರೆ ದಂಡೆಯ ಬಂಡೆಗಳ ಮೇಲೆ ವಿದೇಶಿಯರು ಬಿಸಿಲು ಕಾಯಿಸುತ್ತ ಮಲಗಿರುತ್ತಾರೆ. ಭಾನುವಾರ ಹೊರಟೆವು. ಬಂಡೆಯ ಮೇಲೆ ಒಬ್ಬ ಗಡ್ಡದವನು ಅಂಗಿಯಿಲ್ಲದೆ ಕೂತಿದ್ದ. "ನೀವ ಹೋಗ್ರಿ" ಎಂದು ನಾನು, "ಲೇಖನ ನಿಂದು, ನೀನ ಹೋಗು" ಎಂದು ಇವರು. ಕೊನೆಗೆ ದೇವರನ್ನು ನೆನೆದು ಹೋಗಿ ಕಾಗದ ಚಾಚಿದೆ. ಅವನು ಒಂದು ಪುಟ ಓದಿದ. ಹುಬ್ಬು ಮೇಲೇರಿಸಿದ. ಇನ್ನೊಂದು ಪುಟ ಓದಿದ. ನನ್ನ ಎದೆ ಬಡಿತ ಕೆರೆಯಲ್ಲಿದ್ದ ಹರಿಗೋಲಿನವನಿಗೂ ಕೇಳಿಸಿರಬೇಕು.

ಅವನು ಕಾಗದ ಹಿಂದೆ ಕೊಟ್ಟು, ತಡವರಿಸುವ ಇಂಗ್ಲಿಷಿನಲ್ಲಿ ತಾನು ಪೋಲೆಂಡಿನವನೆಂದ. ಆಮೇಲೆ ಚೀಲಕ್ಕೆ ಕೈ ಹಾಕಿ, ವೀಸಾ ಕಚೇರಿಗೆ ತಾನು ಬರೆದ ಅರ್ಜಿ ತೆಗೆದು, ಎರಡೂ ಕೈಯಿಂದ ನನ್ನ ಮುಂದೆ ಹಿಡಿದ: "ನಿಮ್ಮ ಇಂಗ್ಲಿಷ್ ತುಂಬ ಚೆನ್ನಾಗಿದೆ. ಇದನ್ನೊಂದು ತಿದ್ದಿಕೊಡುತ್ತೀರಾ?"

ಬಂಡೆಯ ಮೇಲೆ ಕೂತು ತಿದ್ದಿಕೊಟ್ಟೆ. ನನ್ನ ಲೇಖನವನ್ನು ಒಂದಕ್ಷರವೂ ತಿದ್ದದೆ ಹಾಗೇ ಪತ್ರಿಕೆಗೆ ವಾಪಸ್ ಕಳಿಸಿದೆ. ಪರೀಕ್ಷಕರು ಬರೆದರು: "ಈಗ ಭಾಷೆ ತುಂಬ ಸುಧಾರಿಸಿದೆ."

ನಗು

ಲೇಖನ ಒಪ್ಪಿಗೆಯಾದ ಮೇಲೆ ಹುಬ್ಬಳ್ಳಿಯ ಸಮ್ಮೇಳನದಲ್ಲಿ ಅದನ್ನು ಓದಬೇಕಾಯಿತು. ವೇದಿಕೆ ಅಂದರೆ ನನಗೆ ಗಲ್ಲುಗಂಬ. ಜೊತೆಗೆ ಇನ್ನೊಂದು ಸಂಕಟ. ನಾನು ಹುಟ್ಟಿ ಬೆಳೆದದ್ದು ಹನುಮಸಾಗರದ ಹತ್ತಿರ, ಅದೇ ಬೋರ್‌ವೆಲ್ ನೀರು ಕುಡಿದು. ನನ್ನ ಮುಂದಿನ ಹಲ್ಲುಗಳಿಗೂ ಆ ಕಂದು ಪಟ್ಟಿ ಇದೆ. ಸಾಲಿಯಲ್ಲಿದ್ದಾಗ, "ತಂಬಾಕ ತಿಂತಿಯೇನ" ಎಂದು ಮಾಸ್ತರು ಕೇಳಿದ ದಿನದಿಂದ ನಾನು ತುಟಿ ಮುಚ್ಚಿಯೇ ನಗುವವಳು.

ಅಂದೂ ತುಟಿ ಬಿಗಿದುಕೊಂಡು ಓದುತ್ತಿದ್ದೆ. ಅರ್ಧಕ್ಕೆ ಬಂದಾಗ ಪರದೆ ಕಪ್ಪಾಯಿತು. ಹಲ್ಲಿನ ಚಿತ್ರಗಳೆಲ್ಲ ಅದರೊಳಗೇ ಇದ್ದವು. ತಂತ್ರಜ್ಞರು ವೈರು ಕಿತ್ತರು, ಚುಚ್ಚಿದರು, ಬೆಳಕು ಬರಲಿಲ್ಲ. ಸಭೆ ನನ್ನನ್ನೇ ನೋಡುತ್ತಿತ್ತು. ಅಂಜಿಕೆ ಮಿತಿ ಮೀರಿದಾಗ ನನಗೆ ನಗು ಬರುತ್ತದೆ. ಅದು ನನ್ನ ಹಣೆಬರಹ. ಬಾಯಿ ತುಂಬ ನಕ್ಕುಬಿಟ್ಟೆ.

ಅಧ್ಯಕ್ಷತೆ ವಹಿಸಿದ್ದ ಹಿರಿಯ ಪ್ರಾಧ್ಯಾಪಕರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಆಮೇಲೆ ತಂತ್ರಜ್ಞರಿಗೆ ಕೈ ಮಾಡಿ ಹೇಳಿದರು: "ಬಿಡ್ರೆಪಾ, ಪರದೆ ಬ್ಯಾಡ. ಪುರಾವೆ ಸ್ವತಃ ಬಂದೈತಿ."

ಸಭೆಯೆಲ್ಲ ನಕ್ಕಿತು. ವಿಚಿತ್ರವೆಂದರೆ, ಅವರ ಜೊತೆ ನಾನೂ ಕೈ ಅಡ್ಡ ಇಡದೆ ನಕ್ಕೆ.

'ಎ' ಗ್ರಾಮ

ಲೇಖನದಲ್ಲಿ ಊರಿನ ಹೆಸರು ಹಾಕಬಾರದೆಂಬುದು ನಮ್ಮ ನಿಯಮ. ಊರಿಗೆ ಕೆಟ್ಟ ಹೆಸರು ಬಂದು ಹೆಣ್ಣುಮಕ್ಕಳ ಲಗ್ನಕ್ಕೆ ತೊಂದರೆ ಆಗಬಾರದಲ್ಲ. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ತೊಂದರೆಯಿದ್ದ ಊರನ್ನು ಇಂಗ್ಲಿಷಿನ 'ಎ' ಗ್ರಾಮ ಎಂದು ಬರೆದಿದ್ದೆ. ಅಚ್ಚಾದ ಮೇಲೆ ಸ್ಥಳೀಯ ದಿನಪತ್ರಿಕೆಯೊಂದು ಅದರ ಸಾರಾಂಶ ಹಾಕಿತು.

ಮರುವಾರ ನಮ್ಮ ಕಾಲೇಜಿನ ಜವಾನ ಓಡಿಬಂದ: "ಮೇಡಮ್ಮಾರ, ಆ ಊರಿನ ಹಿರ್ಯಾರು ಟೆಂಪೋ ಮಾಡಿಕೊಂಡು ಬಂದಾರ್ರಿ. ಕೈಯಾಗ ಪೇಪರ್ ಐತಿ. ಮಾರಿ ಬಿಗದಾರ."

ನನ್ನ ಜೀವ ಅರ್ಧವಾಯಿತು. ಹಿಂಬಾಗಿಲಿಗೆ ಹೋದೆ, ಬೀಗ ಹಾಕಿತ್ತು. ಶೌಚಾಲಯದ ಕಡೆ ತಿರುಗುವಷ್ಟರಲ್ಲಿ ಹಿರಿಯರು ಒಳಗೆ ಬಂದೇ ಬಿಟ್ಟರು. ಮುಂದೆ ಪಟಕಾ ಸುತ್ತಿದ ಅಜ್ಜ, ಮೊಣಕಾಲು ಸೊಟ್ಟಗಾದವರು, ಕೋಲೂರಿಕೊಂಡು. ಆ ಕೋಲು ನಡೆಯಲಿಕ್ಕೆ ತಂದದ್ದೋ, ನನಗಾಗಿ ತಂದದ್ದೋ ತಿಳಿಯಲಿಲ್ಲ.

"ನೀವ ಬರದದ್ದೇನ್ರಿ ಇದು?"

"ಹೌದ್ರಿ ಅಜ್ಜಾರ. ನಿಮ್ಮ ಊರಿನ ಹೆಸರು ಎಲ್ಲೂ ಹಾಕಿಲ್ರಿ. ಆಣಿ ಮಾಡಿ ಹೇಳ್ತೀನಿ."

"ಅದಕ್ಕ ಬಂದೀವ್ರಿ ನಾವು! ಹಲ್ಲು ನಮ್ಮವು, ಮೊಣಕಾಲು ನಮ್ಮವು, ನೋವು ನಮ್ಮದು. ಬಾಜೂ ಊರಿನವರ ಹೆಸರು ಇಂಗ್ಲಿಷಿನಾಗ 'ಎ'ದಿಂದ ಚಾಲೂ ಆಗತೈತಿ. 'ಎ' ಅಂದ್ರ ನಾವ, ಫಿಲ್ಟರ್ ನೀರಿನ ಘಟಕ ನಮಗ ಕೊಡ್ರಿ ಅಂತ ಅವರು ಅರ್ಜಿ ಹಾಕ್ಯಾರ!"

ನಾನು ನಿಯಮವನ್ನೆಲ್ಲ ಬಿಡಿಸಿ ಹೇಳಿದೆ. ಹೆಸರು ಯಾಕೆ ಗುಟ್ಟಾಗಿಡಬೇಕು, ಅಕ್ಷರ ಯಾಕೆ ಹಾಕುತ್ತೇವೆ ಎಂದು. ಅಜ್ಜ ತಾಳ್ಮೆಯಿಂದ ಕೇಳಿ, ಹಿಂದಿದ್ದವರ ಜೊತೆ ಗುಸುಗುಸು ಮಾತಾಡಿ, ತೀರ್ಮಾನ ಹೇಳಿದರು:

"ಆತು, ನಿಮ್ಮ ಕಾಯ್ದೆ ನಿಮಗಿರಲಿ. ನಮ್ಮೂರಿಗೆ 'ಝಡ್' ಕೊಟ್ಟಬಿಡ್ರಿ. ಆ ಅಕ್ಷರದ ಊರು ಈ ಸೀಮ್ಯಾಗ ಒಂದೂ ಇಲ್ಲ."

ಹೆಸರು ಬರಕೊಂಡಾರ

ಸಂಶೋಧಕರ ಬೆಲೆ ಅಳೆಯುವುದು ಅವರ ಲೇಖನವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಎಂಬುದರಿಂದ. ನನಗೆ ಬಡ್ತಿ ಬರಬೇಕಾದರೂ ಅದು ಬೇಕು. ಬಹಳ ದಿನ ಯಾರೂ ಉಲ್ಲೇಖಿಸಲಿಲ್ಲ ಎಂದು ಹೆದರಿಕೆ. ಒಂದು ಮುಂಜಾನೆ, ನಿಮ್ಮ ಲೇಖನವನ್ನು ಪರದೇಶದವರೊಬ್ಬರು ಉಲ್ಲೇಖಿಸಿದ್ದಾರೆ ಎಂದು ಮೇಲ್ ಬಂತು. ಆಗ ಅದಕ್ಕಿಂತ ದೊಡ್ಡ ಹೆದರಿಕೆ. ಹೊಗಳಿದ್ದಾರೋ, ತಪ್ಪು ಹಿಡಿದಿದ್ದಾರೋ?

ನನ್ನ ಮುಖ ನೋಡಿ ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಏನಾತ ಯವ್ವಾ?"

"ಅತ್ತೀ, ಯಾರೋ ಪರದೇಶದವರು ನನ್ನ ಹೆಸರು ಬರಕೊಂಡಾರ್ರಿ."

"ಹೆಸರು ಬರಕೊಂಡಾರ?" ಅತ್ತೆಯ ಕೈಯ ಹಿಟ್ಟು ಪರಾತಕ್ಕೆ ಬಿತ್ತು. "ಯಾವ ಠಾಣೆಯಾಗ?"

ನಾನು ಬಿಡಿಸಿ ಹೇಳುವ ಮೊದಲೇ ಅವರು ಸೀರೆ ಬದಲಿಸಿದ್ದರು. ಕೇಸು ಬಿಟ್ಟುಹೋಗಲಿ ಎಂದು ಹೇಮಗುಡ್ಡದ ದುರ್ಗಮ್ಮನಿಗೆ ಕಾಯಿ ಒಡೆಸಲು ನನ್ನನ್ನೂ ಬಸ್ಸು ಹತ್ತಿಸಿದರು. ಬಸ್ಸಿನಲ್ಲಿ ಧೈರ್ಯ ಮಾಡಿ ಆ ಪರದೇಶದ ಲೇಖನ ತೆರೆದೆ. ಒಂದೇ ಸಾಲು. "ಭಾರತದಲ್ಲೂ ಇಂಥದು ಕಂಡುಬಂದಿದೆ" ಎಂದಿತ್ತು, ಪಕ್ಕದಲ್ಲಿ ಉಲ್ಲೇಖಪಟ್ಟಿಯಲ್ಲಿನ ನನ್ನ ಲೇಖನದ ಅಂಕೆ. ಅಷ್ಟೆಲ್ಲ ಊರು, ಅಷ್ಟೆಲ್ಲ ಮೊಣಕಾಲು, ಆ ಅಜ್ಜನ ಕೋಲು, ಎಲ್ಲ ಸೇರಿ ಒಂದು ಅಂಕೆಯಾಗಿದ್ದವು. ತಪ್ಪು ಹಿಡಿದಿಲ್ಲವೆಂದು ಸಮಾಧಾನವಾಯಿತು, ಆದರೆ ಯಾಕೋ ಕಣ್ಣು ಹನಿಗೂಡಿದವು.

ಅತ್ತೆ ಅದನ್ನು ನೋಡಿ ಕೇಸು ದೊಡ್ಡದೇ ಇರಬೇಕೆಂದು ತಿಳಿದುಕೊಂಡರು. ಇದು ಕೇಸಲ್ಲ, ಎಷ್ಟು ಜನ ಹೆಸರು ಬರೆದುಕೊಂಡರೆ ಅಷ್ಟು ಒಳ್ಳೆಯದು, ಬಡ್ತಿಯೂ ಆಗುತ್ತದೆ ಎಂದು ಗುಡಿಯ ಮೆಟ್ಟಿಲಲ್ಲಿ ಹೇಗೋ ತಿಳಿಸಿದೆ. ಅತ್ತೆ ಒಳಗೆ ಹೋಗಿ ತಾಯಿಯ ಮುಂದೆ ಕೈಜೋಡಿಸಿ, ಪೂಜಾರಿಯೂ ತಿರುಗಿ ನೋಡುವಂತೆ ಬೇಡಿಕೊಂಡರು:

"ಯವ್ವಾ ದುರ್ಗಮ್ಮ, ನಮ್ಮ ಸೊಸಿ ಹೆಸರು ದೇಶದ ಎಲ್ಲಾ ಠಾಣೆಯಾಗೂ ಬರೀಲಿ ತಾಯಿ!"

ದೊಡ್ಡ ವಿದ್ವಾಂಸರು

ಆ ಅಜ್ಜನ ಊರಿನ ನೀರಿನ ವಿಷಯ ಕೊನೆಗೆ ಕುಷ್ಟಗಿಯ ತಾಲ್ಲೂಕು ಸಭೆಗೆ ಬಂತು. ಅಜ್ಜ ಫೋನು ಮಾಡಿಸಿ, "ನೀವು ಬರಾಕ ಬೇಕ್ರಿ" ಎಂದಿದ್ದರು. ಹೋಗಿ ಹಿಂದಿನ ಸಾಲಿನ ಮೂಲೆಯಲ್ಲಿ ಕೂತೆ. ಊರಿನವರೆಲ್ಲ ಗೋಡೆಗೆ ಒರಗಿ ನಿಂತಿದ್ದರು.

ಸಭೆ ನಡೆಸಿದವರು ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದ ಅಧಿಕಾರಿ. ಗಟ್ಟಿ ದನಿ, ಟೇಬಲ್ ಗುದ್ದಿ ಮಾತಾಡುವ ರೂಢಿ. ಅವರು ಕೈಯಲ್ಲಿದ್ದ ಕಾಗದ ಎತ್ತಿ ತೋರಿಸಿದರು.

"ನೋಡಿ, ನಾನು ಸುಮ್ಮನೆ ಮಾತಾಡಲ್ಲ. ಇದು ದೊಡ್ಡ ವಿದ್ವಾಂಸರ ಲೇಖನ. ಪರದೇಶದವರೂ ಉಲ್ಲೇಖಿಸಿದ್ದಾರೆ. ಬೋರ್‌ವೆಲ್ಲನ್ನ ಇನ್ನೂ ಆಳಕ್ಕೆ ಕೊರೆಸಿದರೆ ಒಳ್ಳೆ ನೀರು ಸಿಗುತ್ತೆ ಅಂತ ಸರ್ ಬರೆದಿದ್ದಾರೆ. ಹಾಗಾಗಿ ಘಟಕ ಬೇಡ. ಆಳಕ್ಕೆ ಕೊರೆಸೋಣ."

ಅದು ನನ್ನ ಲೇಖನ. ನಾನು ಬರೆದದ್ದು ಇದರ ಪೂರ್ತಿ ಉಲ್ಟಾ. ಆ ಊರಿನಲ್ಲಿ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಹೆಚ್ಚಾಗಿತ್ತು. ಆಳಕ್ಕೆ ಕೊರೆಸಿದರೆ ಸಾಲಿಗೆ ಹೋಗುವ ಕೂಸುಗಳ ಮೊಣಕಾಲೂ ಅಜ್ಜನ ಮೊಣಕಾಲಿನಂತೆಯೇ ಆಗುತ್ತಿದ್ದವು, ಅದೂ ನನ್ನ ಹೆಸರಿನಲ್ಲಿ.

ಏಳಬೇಕು ಅಂದುಕೊಂಡೆ, ಅರ್ಧ ಎದ್ದು ಮತ್ತೆ ಕೂತೆ. ಅಧಿಕಾರಿ ಸಹಿಗೆ ಪೆನ್ನು ತೆಗೆದರು. ಆಗ ಹೇಗೆ ಎದ್ದೆನೋ ಗೊತ್ತಿಲ್ಲ.

"ಸರ್... ಅದರಾಗ ಹಂಗಿಲ್ರಿ."

"ಯಾರಮ್ಮ ನೀವು? ಈ ಲೇಖನ ನೋಡಿದ್ದೀರಾ?"

"ನೋಡೀನ್ರಿ."

"ನೋಡೋದು ಬೇರೆ, ಓದೋದು ಬೇರೆ! ಪೂರ್ತಿ ಓದಿದ್ದೀರಾ?"

ಸುಳ್ಳು ಹೇಳಲು ಧೈರ್ಯವಿಲ್ಲ, ಎದುರು ಮಾತಾಡಲು ಮೊದಲೇ ಇಲ್ಲ. ಇದ್ದದ್ದು ಇದ್ದ ಹಾಗೆ ಬಾಯಿಂದ ಬಿತ್ತು:

"ಬರಿಯುವಾಗ ಓದಿದ್ದೆ ಸರ್."

ಅವರು ಮೊದಲ ಪುಟ ತಿರುಗಿಸಿ, ಬರೆದವರ ಅಡ್ಡಹೆಸರು ಓದಿ, ನನ್ನ ಕೊರಳಲ್ಲಿದ್ದ ಕಾಲೇಜಿನ ಗುರುತಿನ ಚೀಟಿ ಓದಿದರು. ಮತ್ತೆ ಪುಟ, ಮತ್ತೆ ಚೀಟಿ. ಗೋಡೆಯ ಹತ್ತಿರ ಯಾರೋ ಕಿಸಕ್ಕೆಂದರು. ಆಮೇಲೆ ಸಭೆಯೆಲ್ಲ ನಕ್ಕಿತು, ಅಧಿಕಾರಿಯೂ ನಕ್ಕರು. ದೊಡ್ಡ ಮನಸ್ಸಿನವರು, ನನ್ನನ್ನು ಮುಂದೆ ಕರೆದು ಆ ಸಾಲು ಎಲ್ಲಿದೆ ತೋರಿಸಿ ಎಂದರು. ತೋರಿಸಿದೆ. ಎರಡು ಸಲ ಓದಿ, ಆಳಕ್ಕೆ ಕೊರೆಸುವುದನ್ನು ಹೊಡೆದುಹಾಕಿ, ಘಟಕಕ್ಕೆ ಒಪ್ಪಿಗೆ ಬರೆದರು. ಈಗ ಆ ಊರಿನಲ್ಲಿ ಫಿಲ್ಟರ್ ನೀರು ಬರುತ್ತಿದೆ.

ಸಭೆ ಮುಗಿದು ಚಹಾ ಕುಡಿಯುವಾಗ ಅಧಿಕಾರಿ ಕೇಳಿದರು: "ಅಲ್ಲ ಮೇಡಂ, ಬರೆದವಳು ನಾನೇ ಅಂತ ಮೊದಲೇ ಹೇಳಬಾರದಿತ್ತಾ?"

"ಹೆಂಗ ಹೇಳ್ಲಿ ಸರ್?" ನಾನು ಚಹಾದ ಬಸಿ ಕೆಳಗಿಟ್ಟೆ. "ಅವರು ಅಷ್ಟು ದೊಡ್ಡ ವಿದ್ವಾಂಸರು ಅಂತ ನೀವು ಹೇಳಿದ ಮ್ಯಾಲ, ಅವರ ಮುಂದ ಬಾಯಿ ತೆರ್‍ಯಾಕ ನನಗೂ ಅಂಜಿಕಿ ಬಂದುಬಿಡ್ತರಿ!"