ಡಬ್ಬಿಗೋಡೆಯ ಮಹಾಯುದ್ಧ

"ಇವತ್ತ ದೀಪಾ ಹಚ್ಚೋತನಕಾ ಸುಚೇತಾ ಫೋನ್ ಮುಟ್ಟಿದ್ರ ಕೇಳ್ರಿ, ಅತ್ಯಾ."

ಬೈಲಹೊಂಗಲದ ಆ ಮನೆಯಲ್ಲಿ ಇಂಥ ಭೀಷ್ಮಪ್ರತಿಜ್ಞೆ ಹಿಂದೆಂದೂ ಮೊಳಗಿರಲಿಲ್ಲ! ಮೊಳಗಿಸಿದವಳು ಸೊಸೆ ಶ್ರದ್ಧಾ; ಪುಣೆಯಲ್ಲಿ ಓದಿದವಳು, ಮಗಳು ಕಣ್ಣುಜ್ಜಿದರೆ ಸಾಕು, ಕನ್ನಡಕವೇ ಬಂತೆಂದು ನಡುಗುವವಳು. ಐದು ವರ್ಷದ ಸುಚೇತಾಳಿಗೆ ಚೆಂಡು ಪುಟಿಸಿ ಇಟ್ಟಿಗೆ ಒಡೆಯುವ ಆಟದ ಗೀಳು ಹಿಡಿಸಿದವರು ಸಾಕ್ಷಾತ್ ಅತ್ತೆ ಗಂಗೂಬಾಯಿ. ಪಂದ್ಯ ಇಷ್ಟೇ: ಶ್ರದ್ಧಾ ಗೆದ್ದರೆ ಅತ್ತೆ ಆ ಆಟವನ್ನು ಫೋನಿನಿಂದಲೇ ತೆಗೆಯಬೇಕು, ಸೋತರೆ ಸೊಸೆ ಇನ್ನು ಫೋನಿನ ಬಗ್ಗೆ ತುಟಿ ಬಿಚ್ಚಬಾರದು.

ಶತ್ರುವಿನ ಕುಲಗೋತ್ರ ತಿಳಿಯದೆ ರಣರಂಗಕ್ಕಿಳಿಯುವವಳೇ ಶ್ರದ್ಧಾ? ಎಲ್ಲ ಓದಿಕೊಂಡೇ ಬಂದಿದ್ದಳು. ಐವತ್ತು ವರ್ಷದ ಹಿಂದೆ, ನಾಣ್ಯ ಹಾಕಿ ಆಡುವ ಪೆಟ್ಟಿಗೆಯಲ್ಲಿ ಹುಟ್ಟಿದ ಆಟವಂತೆ; ಕಪ್ಪು-ಬಿಳುಪು ಪರದೆಗೆ ಬಣ್ಣದ ಹಾಳೆ ಅಂಟಿಸಿ ಇಟ್ಟಿಗೆಗೆ ರಂಗು ಬರಿಸಿದ್ದರಂತೆ; ಒಡೆದ ಇಟ್ಟಿಗೆಯಿಂದ ಬಹುಮಾನ ಉದುರತೊಡಗಿದ್ದು ಆಮೇಲಂತೆ. ಅತ್ತೆಯ ಮುಂದೆ ಇಡೀ ಚರಿತ್ರೆ ಒಪ್ಪಿಸಿದಳು.

"ಅಂದ್ರ ನನಗಿಂತಾ ಸಣ್ಣದು ಅನ್ನು," ಎಂದರು ಗಂಗೂಬಾಯಿ, ಪರದೆಯಿಂದ ಕಣ್ಣು ಕೀಳದೆ.

ಶ್ರದ್ಧಾ ಅಡುಗೆಮನೆಯ ಖಾಲಿ ಡಬ್ಬಿಗಳನ್ನೆಲ್ಲ ತಂದು ಪಡಸಾಲೆಯಲ್ಲಿ ಗೋಡೆ ಕಟ್ಟಿದಳು, ಬಣ್ಣದ ಕಾಗದ ಅಂಟಿಸಿದಳು. ಊಟಕ್ಕೆ ಕೂರುವ ಮಣೆಯೇ ಬ್ಯಾಟು, ಜೊತೆಗೊಂದು ರಬ್ಬರ್ ಚೆಂಡು. ಗೋಡೆಯ ತುದಿಗೆ ಒಂದು ಡಬ್ಬಿ ಕಡಿಮೆ ಬಿತ್ತು. ಕಪಾಟಿನಲ್ಲಿ ಬಿಸ್ಕಿಟಿನ ಡಬ್ಬಿಯಿತ್ತು. ಬಿಸ್ಕಿಟು ಮುಗಿದು ತಿಂಗಳಾಗಿತ್ತು, ಖಾಲಿಯಲ್ಲದೆ ಮತ್ತೇನು? ಎತ್ತಿದಾಗ ಭಾರವೆನಿಸಿದರೂ ಯುದ್ಧದ ಅವಸರದಲ್ಲಿ ಮುಚ್ಚಳ ತೆರೆದು ನೋಡಲಿಲ್ಲ.

ಸುಚೇತಾ ಕುಣಿಕುಣಿದು ಆಡಿದಳು. ಡಬ್ಬಿ ಉರುಳುವ ಸದ್ದಿಗೆ ತಾಯಿಯ ಕೈ ಕಡಿಯತೊಡಗಿತು. ಹೀಗಲ್ಲ, ಹೀಗೆ ಎಂದು ಕಲಿಸುವ ನೆಪದಲ್ಲಿ ಮಣೆ ಕಸಿದುಕೊಂಡಳು. ಮತ್ತೆ ಕೊಡಲೇ ಇಲ್ಲ. ಪಾಳಿ ಕೇಳಿ ಕೇಳಿ ಸಾಕಾದ ಮಗು ಪಡಸಾಲೆಯಲ್ಲೇ ಇದ್ದ ಅಜ್ಜಿಯ ಮಂಚ ಹತ್ತಿ ಪ್ರೇಕ್ಷಕರ ಸಾಲಿಗೆ ಸೇರಿತು. ಶ್ರದ್ಧಾ ಸೆರಗು ಸಿಕ್ಕಿಸಿ ಕೊನೆಯ ಹೊಡೆತ ಹೊಡೆದಳು. ತುದಿಯ ಡಬ್ಬಿ ಹಾರಿತು, ಮುಚ್ಚಳ ತೆರೆಯಿತು, ಬಹುಮಾನ ಉದುರಿತು: ವರ್ಷಕ್ಕೆಂದು ಅತ್ತೆ ಕುಟ್ಟಿಸಿಟ್ಟ ಕೆಂಪು ಖಾರದಪುಡಿ!

ಪಡಸಾಲೆ ಕೆಂಪಾಯಿತು. ಸೀನುಗಳ ಸುರಿಮಳೆ! ಉರಿಯುವ ಕಣ್ಣಿನ ಸಂದಿಯಲ್ಲಿ ಶ್ರದ್ಧಾಳಿಗೆ ಕಂಡದ್ದು ಒಂದೇ: ಮಗಳು ಬರಿಗಾಲಲ್ಲಿ ಮಂಚದಿಂದ ಇಳಿಯುತ್ತಿದ್ದಾಳೆ, ನೇರ ಖಾರದೊಳಗೆ.

"ಇಳೀಬ್ಯಾಡ! ಅಜ್ಜೀ ಫೋನ್ ತೊಗೊಂಡು ಅಲ್ಲೇ ಆಡಕೋತ ಕೂಡು!"

ಮಗು ಅಜ್ಜಿಯ ಫೋನ್ ಹಿಡಿದು ಕೂತಿತು. ದೀಪ ಹಚ್ಚಲು ಇನ್ನೂ ಬೇಕಾದಷ್ಟು ಹೊತ್ತಿತ್ತು.

ಗಂಗೂಬಾಯಿ ಪಂದ್ಯದ ಮಾತೆತ್ತಲಿಲ್ಲ. ಸೊಸೆಯ ಮುಖ ತೊಳೆಸಿ, ಪಡಸಾಲೆ ಗುಡಿಸಿ, ಅವಳ ಕಣ್ಣಿಗೆ ಒದ್ದೆ ಬಟ್ಟೆ ಹಾಕಿ ತಮ್ಮ ಪಕ್ಕದಲ್ಲೇ ಮಲಗಿಸಿಕೊಂಡರು. ಆಚೆ ಬದಿಗೆ ಮೊಮ್ಮಗಳು. ಅಜ್ಜಿ-ಮೊಮ್ಮಗಳ ಆಟ ಟಕ್ ಟಕ್ ಎಂದು ಸಾಗಿತ್ತು. ಒಮ್ಮೆಲೇ ಇಬ್ಬರೂ ಉಸಿರು ಬಿಗಿಹಿಡಿದರು. ಶ್ರದ್ಧಾ ಸಾಕಷ್ಟು ತಡೆದುಕೊಂಡಳು. ಆಗಲಿಲ್ಲ.

"ಅತ್ಯಾ, ಒಂದ ಇಟ್ಟಿಗಿ ಉಳದದೇನು?"

"ಫೋನಿನ ಬಗ್ಗೆ ತುಟಿ ಬಿಚ್ಚಬಾರದು ಅಂತ ಆಗಿತ್ತಲ್ಲವಾ," ಎಂದರು ಗಂಗೂಬಾಯಿ.