ಕುಚ್ಚಿನ ಕೈಸರವೂ ನನ್ನ ಕಾಲೇಜೂ

ಕೈ ಸುಮ್ಮನಿರದ ಹುಡುಗಿಯೊಬ್ಬಳು ಮನೆಯಲ್ಲಿದ್ದರೆ ದಿನಕ್ಕೊಂದು ರಾಮಾಯಣ ತಪ್ಪಿದ್ದಲ್ಲ. ನಮ್ಮ ಮನೆಯಲ್ಲಿ ಆ ಹುಡುಗಿ ನಾನೇ.

ಐವತ್ತರ ದಶಕದ ಕೊನೆಯ ಒಂದು ಬೇಸಗೆ. ಮದ್ರಾಸಿನ ತ್ರಿಪ್ಲಿಕೇನಿನಲ್ಲಿ ಕೆಳಗೆ ಅಪ್ಪಯ್ಯನ ಊಟದ ಮೆಸ್, ಮಹಡಿಯಲ್ಲಿ ನಮ್ಮ ಎರಡು ಕೋಣೆಯ ಸಂಸಾರ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಕೂತಿದ್ದೆ. ಕೂತಿದ್ದೆ ಎನ್ನುವುದು ಮಾತಿಗೆ ಮಾತ್ರ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ತಾರಸಿಗೆ ಓಡಾಡುತ್ತಿದ್ದೆ. ಆ ಸೆಕೆಯಲ್ಲಿ ಒಂದು ಕಡೆ ಕೂತರೆ ನೆಲವೇ ಕಚ್ಚಿದ ಹಾಗಾಗುತ್ತಿತ್ತು. ನನಗೆ ಕಾಲೇಜಿಗೆ ಹೋಗಬೇಕಿತ್ತು. ಅಪ್ಪಯ್ಯ ಒಂದು ಷರತ್ತು ಹಾಕಿದ್ದರು.

"ರಿಸಲ್ಟ್ ಬರುವ ತನಕ ನಿನ್ನ ಮೇಲೆ ಒಂದೇ ಒಂದು ದೂರು ಬರ್ಬಾರ್ದು. ಬಂತೋ, ಕಾಲೇಜೂ ಇಲ್ಲ ಗೀಲೇಜೂ ಇಲ್ಲ. ಊರಿಗೆ ಹೋಗಿ ನಿನ್ನ ಅತ್ತೆ ಮನೆಯಲ್ಲಿ ಕೂತ್ಕೊ. ಅವಳು ಗಂಡು ನೋಡ್ತಾಳೆ."

ಅತ್ತೆ ಎಂದರೆ ಅಪ್ಪಯ್ಯನ ಅಕ್ಕ. ಅವರು ನೋಡುತ್ತೇನೆ ಎಂದ ಮೇಲೆ ಗಂಡು ತಪ್ಪಿಸಿಕೊಂಡದ್ದಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಕೈಗೆ ಏನಾದರೂ ಕೆಲಸ ಕೊಟ್ಟರೆ ಕಾಲು ಸುಮ್ಮನಿದ್ದೀತು ಎಂದುಕೊಂಡೆ. ಮರೀನಾದಲ್ಲಿ ಒಬ್ಬ ಹುಡುಗಿಯ ಕೈಯಲ್ಲಿ ಮಣಿ ಪೋಣಿಸಿ ತುದಿಗೆ ಕುಚ್ಚು ಬಿಟ್ಟ ಕೈಸರ ನೋಡಿದ್ದೆ. ಅಂಥದ್ದು ಮಾಡಲು ಕೂತೆ. ದೂರು ಬಾರದಿರಲಿ ಎಂದೇ ಶುರು ಮಾಡಿದ್ದು.

ಒಂದು: ಗುಲಾಬಿ ಸಂಡಿಗೆ

ಮಣಿ ಕೊಳ್ಳಲು ಯಾರು ಕಾಸು ಕೊಡುತ್ತಾರೆ? ಮೆಸ್ಸಿನ ಉಗ್ರಾಣದಲ್ಲಿ ಸಬ್ಬಕ್ಕಿ ಇತ್ತು. ನೆನೆಸಿದೆ, ಅಡುಗೆಯ ಬಣ್ಣದಲ್ಲಿ ಅದ್ದಿ ಗುಲಾಬಿ ಮಾಡಿದೆ, ಮೆತ್ತಗಿರುವಾಗಲೇ ಸೂಜಿಯಿಂದ ದಾರಕ್ಕೆ ಪೋಣಿಸಿ ತಾರಸಿಯಲ್ಲಿ ಒಣಗಲು ಹಾಕಿದೆ. ಪಕ್ಕದ ಚಾಪೆಯಲ್ಲಿ ಮೆಸ್ಸಿನ ಸಂಡಿಗೆಯೂ ಒಣಗುತ್ತಿತ್ತು. ಮಣಿ ಮುತ್ತಿನಂತೆ ಗಟ್ಟಿಯಾಯಿತು. ನಾನೊಬ್ಬಳೇ ನೋಡಿ ಖುಷಿಪಟ್ಟೆ.

ಮರುದಿನ ಮಧ್ಯಾಹ್ನ ಅಡುಗೆ ಭಟ್ಟರು ಮೇಲೆ ಬಂದು ಎರಡು ಚಾಪೆಯನ್ನೂ ಒಟ್ಟಿಗೆ ಬಾಚಿಕೊಂಡು ಹೋದರು. ನನಗೆ ತಿಳಿದು ಕೆಳಗೆ ಓಡುವಷ್ಟರಲ್ಲಿ ಎಲ್ಲ ಎಣ್ಣೆಗೆ ಬಿದ್ದು, ಅರಳಿ, ಎಲೆಗೆ ಬಡಿಸಿಯೂ ಆಗಿತ್ತು. ಬಾಗಿಲ ಸಂದಿಯಿಂದ ನೋಡಿದೆ. ಕನ್ನಡಕ ಹಾಕಿದ ಗುಮಾಸ್ತರೊಬ್ಬರು ಒಂದು ಸಂಡಿಗೆ ಬಾಯಿಗಿಟ್ಟು ಎಳೆದರು. ಹಿಂದೆಯೇ ಇನ್ನೊಂದು ಬಂತು. ಅದರ ಹಿಂದೆ ಮತ್ತೊಂದು.

ಅವರು ದಾರ ಹಿಡಿದುಕೊಂಡು "ಓಯ್, ಇಲ್ಲಿ ಬನ್ನಿ" ಎಂದು ಅಪ್ಪಯ್ಯನನ್ನು ಕರೆದರು. ಕಾಲೇಜು ಅಲ್ಲಿಗೇ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಎಂಥದ್ದಯ್ಯ ಇದು? ಪಕ್ಕದವರ ದಾರದಲ್ಲಿ ಹನ್ನೆರಡು ಉಂಟು. ನನ್ನದರಲ್ಲಿ ಬರೀ ಎಂಟು!"

ಎರಡು: ಕೈಗೆ ಬಂದ ಅಮ್ಮ

ದೂರು ಬಂದದ್ದು ಲೆಕ್ಕದ ಮೇಲೆ, ನನ್ನ ಮೇಲಲ್ಲ. ಆದರೂ ಅಪ್ಪಯ್ಯ ಉಗ್ರಾಣಕ್ಕೆ ಬೀಗ ಹಾಕಿದರು. ನಾನು ಅಮ್ಮನನ್ನು ಕಾಡಿ ಅಗ್ಗದ ಬಿಳಿ ಮರದ ಮಣಿ ತರಿಸಿಕೊಂಡೆ. ಬಣ್ಣಕ್ಕೆ ಮನೆಯಲ್ಲಿದ್ದ ಕೆಂಪು ಶಾಯಿ. ಮೊದಲ ಸರವನ್ನು ಪಕ್ಕದ ವಠಾರದ ಗೆಳತಿಗೆ ಕಟ್ಟಿದೆ. ಅವಳು ಅದನ್ನು ಹಾಕಿಕೊಂಡೇ ಮಧ್ಯಾಹ್ನ ಮಲಗಿದಳು. ಮದ್ರಾಸಿನ ಬೆವರು ಕೇಳಬೇಕೇ? ಎದ್ದು ಸರ ಬಿಚ್ಚುವಷ್ಟರಲ್ಲಿ ಮಣಿಕಟ್ಟಿನ ಸುತ್ತ ಕೆಂಪು ಕೆಂಪು ಬೊಟ್ಟು.

ಅವಳ ಪಾಟಿ, ಎಂದರೆ ಅಜ್ಜಿ, ಅದನ್ನು ನೋಡಿದ್ದೇ ಕೈ ಮುಗಿದರು. ಬೇಸಗೆಯಲ್ಲಿ ಮೈಮೇಲೆ ಕೆಂಪು ಬೊಟ್ಟು ಎದ್ದರೆ ಅಲ್ಲಿ ವೈದ್ಯರನ್ನು ಕರೆಯುವುದಿಲ್ಲ, ಅಮ್ಮ ಬಂದಿದ್ದಾಳೆ ಎಂದು ಬಾಗಿಲಿಗೆ ಬೇವು ಕಟ್ಟುತ್ತಾರೆ. ಗೆಳತಿಯನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಸ್ನಾನ ಮಾಡಿಸುವಂತಿಲ್ಲ, ಆದ್ದರಿಂದ ಶಾಯಿ ಹೋಗುವಂತೆಯೂ ಇಲ್ಲ. ನನಗೆ ಊಟ ಸೇರಲಿಲ್ಲ. ನಿಜ ಹೇಳಿದರೆ ದೂರು ಬರುತ್ತದೆ, ಹೇಳದಿದ್ದರೆ ಅವಳು ಬೇವಿನ ಮೇಲೆ. ನಾಲ್ಕು ದಿನ ಅವರ ಬಾಗಿಲ ಮುಂದೆ ಹೋಗುವುದು, ತಿರುಗಿ ಬರುವುದು, ಇಷ್ಟೇ ಮಾಡಿದೆ.

ಐದನೆಯ ದಿನ ತಲೆಗೆ ನೀರು ಹಾಕಿದರು. ಒಂದೇ ಚೆಂಬಿಗೆ ಅಮ್ಮ ಹೊರಟುಹೋದಳು. ಇಷ್ಟು ಬೇಗ ಇಳಿದದ್ದು ನೋಡೇ ಇಲ್ಲ ಎಂದು ಪಾಟಿ ಬೀದಿಗೆಲ್ಲ ಪಾನಕ ಹಂಚಿದರು.

ಸಂಜೆ ಗೆಳತಿ ಸಿಕ್ಕಳು. ನಾನು ಅಳುವ ಸ್ಥಿತಿಯಲ್ಲಿದ್ದೆ. "ತಪ್ಪಾಯ್ತು ಕಣೇ" ಎಂದೆ.

"ತಪ್ಪಾ? ನಾಲ್ಕು ದಿನವೂ ಎಳನೀರು, ಪಾತ್ರೆ ತೊಳೆಯೋದಿಲ್ಲ, ಯಾರೂ ಬೈಯೋದಿಲ್ಲ" ಎಂದು ಅವಳು ನನ್ನ ಕಿವಿಯ ಹತ್ತಿರ ಬಂದಳು. "ಮುಂದಿನ ವಾರಕ್ಕೆ ಇನ್ನೊಂದು ಮಾಡಿಕೊಡೇ. ಈ ಸಲ ಎರಡು ಕೈಗೂ ಕಟ್ಟು."

ಮೂರು: ಮಾಮಿಯ ಸೆರಗು

ಕೈಸರದ ಕುಚ್ಚಿಗೆ ರೇಷ್ಮೆ ಬೇಕಿತ್ತು. ಎದುರು ಮನೆಯ ಮಾಮಿ ತಮ್ಮ ಹೊಸ ಕಂಚಿ ಸೀರೆ ತಂದು, "ಸೆರಗಿಗೆ ಕುಚ್ಚು ಹಾಕಿಕೊಡಮ್ಮಾ, ಭಾನುವಾರ ಕಲ್ಯಾಣಕ್ಕೆ ಉಡಬೇಕು" ಎಂದರು. ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ಎಳೆ ಗೇಣುದ್ದ ಇತ್ತು. ಎಡಗಡೆಯಿಂದ ಒಂದು ಕುಚ್ಚಿಗಾಗುವಷ್ಟು ಕತ್ತರಿಸಿಕೊಂಡೆ. ಎಡ ಗಿಡ್ಡವಾಯಿತು. ಸರಿ ಮಾಡಲು ಬಲಗಡೆ ಕತ್ತರಿಸಿದೆ. ಬಲ ತುಸು ಹೆಚ್ಚೇ ಹೋಯಿತು. ಮತ್ತೆ ಎಡ. ಹೀಗೆ ನ್ಯಾಯ ಮಾಡುತ್ತಾ ಮಾಡುತ್ತಾ ಎರಡೂ ಕಡೆ ಏನೂ ಉಳಿಯಲಿಲ್ಲ. ನನ್ನ ಹತ್ತಿರ ಮಾತ್ರ ಹದಿನಾರು ಚಂದದ ಕೈಸರ ಇತ್ತು.

ಭಾನುವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ ಹದಿನಾರನ್ನೂ ಸಾಲಾಗಿ ಸೆರಗಿಗೆ ಹೊಲಿದು, ಮಡಚಿ ಕೊಟ್ಟು ಓಡಿ ಬಂದೆ. ಇಡೀ ದಿನ ಕಿಟಕಿಯ ಹತ್ತಿರವೇ ಇದ್ದೆ.

ಸೋಮವಾರ ಮಾಮಿ ಬಂದರು. ಒಬ್ಬರೇ ಅಲ್ಲ, ಇನ್ನೂ ಮೂವರನ್ನು ಕರೆತಂದಿದ್ದರು. ಅಪ್ಪಯ್ಯ ಮೆಟ್ಟಿಲಲ್ಲೇ ಎದುರಾದರು. ಬೆಳಿಗ್ಗೆ ಬೆಳಿಗ್ಗೆ ನಾಲ್ಕು ಹೆಂಗಸರು ಮಗಳ ಹೆಸರು ಹೇಳಿಕೊಂಡು ಬಂದರೆ ಅವರು ತಾನೇ ಏನೆಂದುಕೊಳ್ಳಬೇಕು? ಯಾರಿಗೂ ಬಾಯಿ ತೆರೆಯಲು ಬಿಡದೆ ಒಬ್ಬೊಬ್ಬರಿಗೂ ಕೈ ಮುಗಿದು ತಮಿಳಿನಲ್ಲಿ ಕ್ಷಮೆ ಕೇಳುತ್ತಾ, "ಮನ್ನಿಚ್ಚುಡುಂಗೋ ಅಮ್ಮಾ, ತಾಯಿಯಿಲ್ಲದ ಹಾಗೆ ಬೆಳೆದುಬಿಟ್ಟಿದೆ" ಎಂದರು. ಹಿಂದೆಯೇ ನಿಂತಿದ್ದ ಅಮ್ಮ "ನಾನೆಲ್ಲಿ ಸತ್ತೆ?" ಎಂದು ಕೇಳಿದಳು.

ಮಾಮಿಗಳು ಬಂದದ್ದು ತಮ್ಮ ಸೀರೆಗೂ ಹಾಗೇ ಹೊಲಿಸಿಕೊಳ್ಳಲು. ಆದರೆ ಅಮ್ಮ ಎರಡು ದಿನ ಅಪ್ಪಯ್ಯನ ಹತ್ತಿರ ಮಾತಾಡಲಿಲ್ಲ. ಆ ಮನೆಯಲ್ಲಿ ಆ ಬೇಸಗೆ ನಿಜವಾದ ದೂರು ಬಂದದ್ದು ಅಪ್ಪಯ್ಯನ ಮೇಲೆಯೇ.

ನಾಲ್ಕು: ಅಜ್ಜಿ ಕಟ್ಟಿದ್ದು

ರಿಸಲ್ಟ್ ಬಂತು. ಒಳ್ಳೆಯ ಮಾರ್ಕೇ ಬಂದಿತ್ತು. ದೂರು ಒಂದೂ ಇರಲಿಲ್ಲ. ಅದೇ ವಾರ ಊರಿನಿಂದ ಅತ್ತೆಯ ಕಾಗದವೂ ಬಂತು: ಗಂಡು ಸಿಕ್ಕಿದ್ದಾನೆ. ಅಪ್ಪಯ್ಯ ನನ್ನ ಮುಖ ನೋಡದೆ "ಕಾಲೇಜಿನ ವಿಷಯ ನಿಧಾನಕ್ಕೆ ನೋಡುವ" ಎಂದರು. ಫಾರಂ ಕೊಡಲು ಮೂರೇ ದಿನ ಉಳಿದಿತ್ತು. ಮಾತು ಕೊಟ್ಟವರು ಹೀಗೆ ಮಾಡಿದರಲ್ಲ ಎಂದು ನನಗೆ ಸಂಕಟವೂ ಸಿಟ್ಟೂ ಒಟ್ಟಿಗೇ ಬಂತು. ತಾರಸಿಗೆ ಹೋಗಿ ಬಿಸಿಲಲ್ಲಿ ಸುತ್ತತೊಡಗಿದೆ.

ಅಪ್ಪಯ್ಯನ ಅಮ್ಮ, ನಮ್ಮ ಅಜ್ಜಿ, ಕೆಳಗಿನಿಂದ ಕರೆದರು. "ಸುತ್ತಿದ್ದು ಸಾಕು ಮಾರಾಯ್ತಿ. ನೀನು ಮಾಡಿದ್ದರಲ್ಲಿ ಒಂದು ತಾ. ಕುಚ್ಚು ದೊಡ್ಡದಿರ್ಲಿ."

ಮಾಮಿಗಳ ಸೀರೆಗೆ ಮಾಡಿ ಉಳಿದಿದ್ದ ಒಂದನ್ನು ಕೊಟ್ಟೆ. ಅಜ್ಜಿ ಅದನ್ನು ಅರಿಶಿನದಲ್ಲಿ ಅದ್ದಿ, ದೇವರ ಮುಂದಿಟ್ಟು ಏನೋ ಹೇಳಿಕೊಂಡು, ಊಟವಾಗಿ ನೆಲದ ಮೇಲೆ ಗೊರಕೆ ಹೊಡೆಯುತ್ತಿದ್ದ ಅಪ್ಪಯ್ಯನ ಬಲಗೈಗೆ ಮೂರು ಗಂಟು ಬಿಗಿದರು.

ಕಾಫಿಗೆ ಎದ್ದ ಅಪ್ಪಯ್ಯ ಕೈ ನೋಡಿ ಹೌಹಾರಿದರು. "ಎಂಥದ್ದಮ್ಮ ಇದು?"

"ಕಂಕಣ. ಮಗುವಿನ ಓದಿಗೆ ಅಂತ ಸಂಕಲ್ಪ ಮಾಡಿ ಕಟ್ಟಿದ್ದು. ಆಗುವ ತನಕ ಬಿಚ್ಚುವ ಹಾಗಿಲ್ಲ, ಗೊತ್ತುಂಟಲ್ಲ?"

ಗೊತ್ತಿಲ್ಲದೆ ಏನು? ಮದುವೆಗಾಗಲಿ ವ್ರತಕ್ಕಾಗಲಿ ಕಟ್ಟಿದ ಕಂಕಣವನ್ನು ಕೆಲಸ ಮುಗಿಯದೆ ಬಿಚ್ಚುವ ಧೈರ್ಯ ನಮ್ಮ ಕಡೆಯ ಯಾರಿಗೂ ಇಲ್ಲ. ಅಪ್ಪಯ್ಯನಿಗಂತೂ ದೇವರ ಮುಂದಿಟ್ಟ ಬಾಳೆಹಣ್ಣಿನ ಸಿಪ್ಪೆ ಎಸೆಯಲೂ ಹೆದರಿಕೆ. ಹಾಗಾಗಿ ಸಂಜೆ ಗಲ್ಲಾದಲ್ಲಿ ಕೆಂಪು ಮಣಿ, ಹಸಿರು ರೇಷ್ಮೆ ಕುಚ್ಚು ಇಳಿಬಿಟ್ಟುಕೊಂಡು ಕೂತರು. ಕುಚ್ಚು ಮೊದಲು ಕಾಫಿ ಲೋಟಕ್ಕೆ ಬಿತ್ತು, ಆಮೇಲೆ ಚಟ್ನಿಗೆ. ಗುಮಾಸ್ತರು "ಓಹೋ, ಯಜಮಾನರಿಗೆ ಎರಡನೇ ಮದುವೆಯೋ?" ಎಂದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನನ್ನನ್ನು ಎಳೆದುಕೊಂಡು ನುಂಗಂಬಾಕ್ಕಂ ಕಡೆಯ ಹೆಣ್ಣುಮಕ್ಕಳ ಕಾಲೇಜಿಗೆ ಹೊರಟರು. ಗೇಟು ಇನ್ನೂ ತೆರೆದಿರಲಿಲ್ಲ. ಜೀವನದಲ್ಲಿ ಮೊದಲ ಸಲ ಅಪ್ಪಯ್ಯ ಅತ್ತಿಂದಿತ್ತ ಸುತ್ತುವುದನ್ನೂ ನಾನು ಒಂದು ಕಡೆ ಕೂತಿರುವುದನ್ನೂ ಅಲ್ಲಿ ನೋಡಿದೆ. ಒಳಗೆ ಪ್ರಿನ್ಸಿಪಾಲರು ಮಾರ್ಕು ನೋಡಿ, "ಸೀಟು ಕೊಡಬಹುದು, ಮುಂದಿನ ವಾರ ಬನ್ನಿ" ಎಂದರು.

"ಮುಂದಿನ ವಾರವಾ?" ಎಂದು ಅಪ್ಪಯ್ಯ ಕುಚ್ಚಿನ ಸಮೇತ ಕೈಯನ್ನು ಮೇಜಿನ ಮೇಲಿಟ್ಟರು. "ಅಮ್ಮಾ, ಇದನ್ನು ಕಟ್ಟಿಕೊಂಡು ಒಂದು ವಾರ ಸಾಂಬಾರ್ ಬಡಿಸಿದ್ದೀರಾ ನೀವು?"

ಆ ತಾಯಿ ನಗು ತಡೆದುಕೊಂಡು ಅಂದೇ ಸೇರಿಸಿಕೊಂಡರು.

ಮನೆಗೆ ಬಂದ ಅಪ್ಪಯ್ಯ ಚಪ್ಪಲಿ ಕೂಡ ಸರಿಯಾಗಿ ಬಿಡದೆ ಅಜ್ಜಿಯ ಮುಂದೆ ರಸೀದಿ ಇಟ್ಟು ಕೈ ಚಾಚಿದರು. "ಆಯ್ತು. ಸೇರ್ಸಿ ಬಂದೆ. ಬಿಚ್ಚಿ."

ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಸೇರ್ಸಲಿಕ್ಕೆ ಅಂತ ಯಾರು ಸಂಕಲ್ಪ ಮಾಡಿದ್ದು? ನಾನು ಹೇಳಿಕೊಂಡದ್ದು ಬಿ.ಎ. ಪಾಸಾಗ್ಲಿಕ್ಕೆ."

ಚಾಚಿದ ಕೈ ಹಾಗೇ ಇತ್ತು. ಅಪ್ಪಯ್ಯ ಪಿಯುಸಿಯ ಒಂದು ವರ್ಷವನ್ನೂ ಸೇರಿಸಿ ಬೆರಳಲ್ಲಿ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದರು.

"ಅಲ್ಲಿ ನಿಂತು ಎಂತ ನಗ್ತಿ? ಪುಸ್ತಕ ತೆಗಿ! ಕೂತು ಓದು!"